ಕೆಲಸದಲ್ಲೂ ಇಲ್ಲ, ನಿರುದ್ಯೋಗಿಯೂ ಅಲ್ಲ: ಲೆಕ್ಕದ ಹೊರಗಿರುವ ಗಂಡಸರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಉದ್ಯೋಗದ ಅಂಕಿ ಅಂಶ ಹೊರಬಿದ್ದಾಗಲೆಲ್ಲ ನಿರುದ್ಯೋಗ ಎಷ್ಟು ಅನ್ನುವುದೊಂದೇ ಸುದ್ದಿಯಾಗುತ್ತದೆ. ಕೆಲಸಕ್ಕೂ ಹೋಗದ, ಕೆಲಸ ಹುಡುಕುತ್ತಲೂ ಇಲ್ಲದ ಗಂಡಸರ ಲೆಕ್ಕ ಒಳಪುಟದ ಟೇಬಲ್‌ನಲ್ಲೇ ಉಳಿದುಬಿಡುತ್ತದೆ. ಈ ಪುಟ ಅವರ ಬಗ್ಗೆ. ಇಲ್ಲಿ ಭಾರತದ ಲೆಕ್ಕವೇ ಮುಖ್ಯ. ಆದರೆ ಈ ವಿಷಯದ ಮೇಲೆ ಜಾಸ್ತಿ ಚರ್ಚೆ ನಡೆದಿರುವುದು ಅಮೆರಿಕದಲ್ಲಿ, ಹಾಗಾಗಿ ಅದೂ ಬರುತ್ತದೆ.

ಕೆಲಸ ಇಲ್ಲದವರೆಲ್ಲ ನಿರುದ್ಯೋಗಿಗಳೇ ಅಲ್ವಾ?

ಅಲ್ಲ. ಸರ್ವೆಯಲ್ಲಿ ಮೂರು ಗುಂಪುಗಳಿವೆ. ಕೆಲಸ ಇರುವವರು. ಕೆಲಸ ಇಲ್ಲದೆ, ಬೇಕು ಅನ್ನುವವರು. ಕೆಲಸ ಇಲ್ಲದೆ, ಸದ್ಯಕ್ಕೆ ಬೇಡ ಅನ್ನುವವರು ಅಥವಾ ಮಾಡಲು ಆಗದವರು. ಮೊದಲ ಎರಡು ಗುಂಪು ಸೇರಿದರೆ ಕಾರ್ಮಿಕ ಪಡೆ. ಮೂರನೆಯದು ಅದರ ಹೊರಗೆ.

ನಿರುದ್ಯೋಗ ದರವನ್ನು ಇಡೀ ಜನಸಂಖ್ಯೆಯ ಮೇಲೆ ಲೆಕ್ಕ ಹಾಕುವುದಿಲ್ಲ, ಕಾರ್ಮಿಕ ಪಡೆಯ ಮೇಲೆ ಮಾತ್ರ ಹಾಕುತ್ತಾರೆ. ಎಡವಟ್ಟಾಗುವುದು ಇಲ್ಲೇ. ಹುಡುಕಿ ಹುಡುಕಿ ಸಾಕಾದವನು 'ಇನ್ನು ಬೇಡ ಬಿಡಿ' ಅಂದುಬಿಟ್ಟರೆ ಅವನು ಎರಡನೇ ಗುಂಪಿನಿಂದ ಮೂರನೆಯದಕ್ಕೆ ಜಾರುತ್ತಾನೆ. ಒಬ್ಬರಿಗೂ ಕೆಲಸ ಸಿಕ್ಕಿರುವುದಿಲ್ಲ, ಆದರೂ ನಿರುದ್ಯೋಗ ದರ ಇಳಿದಿರುತ್ತದೆ.

ಭಾರತದಲ್ಲಿ ಹೀಗೆ ಹೊರಗಿರುವ ಗಂಡಸರು ಎಷ್ಟು?

15 ವರ್ಷ ಮೇಲ್ಪಟ್ಟವರಲ್ಲಿ ಐವರಿಗೆ ಒಬ್ಬರಿಗಿಂತ ತುಸು ಜಾಸ್ತಿ. ಪಿಎಲ್‌ಎಫ್‌ಎಸ್ ಅಂದರೆ ಕಾರ್ಮಿಕ ಪಡೆಯ ಬಗ್ಗೆ ಕೇಂದ್ರ ಸರ್ಕಾರ ನಡೆಸುವ ಸರ್ವೆ. ಅದರ 2023-24ರ ವರದಿಯ ಪ್ರಕಾರ 100 ಗಂಡಸರಲ್ಲಿ 78.8 ಮಂದಿ ಕಾರ್ಮಿಕ ಪಡೆಯಲ್ಲಿದ್ದರು. ಅದರಲ್ಲಿ 76.3 ಮಂದಿಗೆ ಕೆಲಸ ಇತ್ತು. ಉಳಿದ 21.2 ಮಂದಿ ಹೊರಗೆ. 2017-18ರಲ್ಲಿ ಒಳಗಿದ್ದವರು 75.8. ಅಂದರೆ ಈ ವರ್ಷಗಳಲ್ಲಿ ಹೊರಗಿರುವವರ ಪಾಲು ಸ್ವಲ್ಪ ಕಡಿಮೆಯಾಗಿದೆ.

ಹೆಂಗಸರ ಲೆಕ್ಕದ ಜೊತೆ ಹೋಲಿಸಿದರೆ ಇದು ಏನೂ ಅಲ್ಲ. ಅದೇ ವರ್ಷ ಅವರಲ್ಲಿ ಒಳಗಿದ್ದವರು 41.7 ಮಾತ್ರ. ಹಾಗಾಗಿ ನಮ್ಮಲ್ಲಿ ಹೆಂಗಸರ ಬಗ್ಗೆಯೇ ಜಾಸ್ತಿ ಮಾತು ನಡೆಯುತ್ತದೆ, ಅದು ಸರಿಯೂ ಹೌದು. ಗಂಡಸರ ಅಂಕಿ ಬೇರೆ ಕಾರಣಕ್ಕೆ ಕುತೂಹಲದ್ದು: 21.2ರ ಒಳಗೆ ಯಾರ್ಯಾರಿದ್ದಾರೆ ಅನ್ನುವುದು.

ಸರಿ, ಯಾರ್ಯಾರಿದ್ದಾರೆ?

ಪಿಎಲ್‌ಎಫ್‌ಎಸ್‌ನಲ್ಲಿ ಪ್ರತಿಯೊಬ್ಬರಿಗೂ ಒಂದು ಕೋಡ್ ಬೀಳುತ್ತದೆ. ಸ್ವಂತ ಕೆಲಸ ಮಾಡುವವನಿಗೆ 11. ಅಪ್ಪನ ಹೊಲದಲ್ಲೋ ಅಣ್ಣನ ಅಂಗಡಿಯಲ್ಲೋ ಸಂಬಳ ಇಲ್ಲದೆ ದುಡಿಯುವವನಿಗೆ 21. ತಿಂಗಳ ಸಂಬಳಕ್ಕೆ 31. ಕೂಲಿಗೆ 51. ಕೆಲಸ ಬೇಕು ಅನ್ನುವವನಿಗೆ 81. ಕೊನೆಗೆ ಹೊರಗಿನವರು: ಓದುತ್ತಿರುವವರು 91, ಮನೆಗೆಲಸ ಮಾಡುವವರು 92 ಮತ್ತು 93, ಬಾಡಿಗೆ, ಪೆನ್ಷನ್ ಅಥವಾ ಬೇರೆ ಊರಿಂದ ಬರುವ ಹಣದ ಮೇಲೆ ಇರುವವರು 94, ಅಂಗವೈಕಲ್ಯದಿಂದ ದುಡಿಯಲಾಗದವರು 95, ಇದ್ಯಾವುದಕ್ಕೂ ಸೇರದವರು 97.

ಗಂಡಸರಲ್ಲಿ ದೊಡ್ಡ ಪಾಲು 91ರದ್ದು. 15ರಿಂದ 24ರ ಹುಡುಗರು ಪಿಯುಸಿ, ಐಟಿಐ, ಡಿಗ್ರಿ ಅಂತ ಓದುತ್ತಿರುತ್ತಾರೆ. ಅದು ಬಿಟ್ಟರೆ ವಯಸ್ಸಾದವರು. ಭಟ್ಕಳದಲ್ಲೋ ಉಡುಪಿ ಕಡೆಯೋ ಮಗ ದುಬೈನಲ್ಲಿದ್ದು ತಿಂಗಳಿಗಿಷ್ಟು ಅಂತ ಕಳಿಸುತ್ತಿದ್ದರೆ, ಮನೆಯಲ್ಲಿರುವ ಅಪ್ಪ 94. ಮಗ ಈ ಲೆಕ್ಕದಲ್ಲಿ ಎಲ್ಲೂ ಇಲ್ಲ, ಅವನು ಈ ಮನೆಯ ಸದಸ್ಯನೇ ಅಲ್ಲ.

92, 93ರಲ್ಲಿ ಗಂಡಸರು ತೀರಾ ಕಡಿಮೆ. 97 ಮಾತ್ರ ಗಮನಿಸಬೇಕಾದ ಕೋಡ್. ಭಿಕ್ಷೆ ಬೇಡುವವರಿಂದ ಹಿಡಿದು 'ಏನೂ ಮಾಡ್ತಾ ಇಲ್ಲ, ಸುಮ್ನೆ ಮನೇಲಿದ್ದಾನೆ' ಅನ್ನುವವರವರೆಗೆ ಎಲ್ಲರನ್ನೂ ಇದೊಂದರಲ್ಲೇ ತುಂಬುತ್ತಾರೆ.

ಒಬ್ಬನನ್ನು ಒಳಗೆ ಅಥವಾ ಹೊರಗೆ ಅಂತ ಹೇಗೆ ತೀರ್ಮಾನಿಸುತ್ತಾರೆ?

ಎರಡು ಬಗೆಯ ಅಳತೆ ಇದೆ. ಒಂದಕ್ಕೆ ಸಾಮಾನ್ಯ ಸ್ಥಿತಿ ಅನ್ನೋಣ. ಕಳೆದ 365 ದಿನಗಳಲ್ಲಿ ಹೆಚ್ಚಿನ ಕಾಲ ನೀನು ಕಾರ್ಮಿಕ ಪಡೆಯ ಒಳಗಿದ್ದೆಯಾ ಹೊರಗಿದ್ದೆಯಾ ಅಂತ ನೋಡುತ್ತಾರೆ. ಅದರ ಮೇಲೆ ಇನ್ನೊಂದು ನಿಯಮ: ಹೆಚ್ಚಿನ ಕಾಲ ಹೊರಗಿದ್ದರೂ ವರ್ಷದಲ್ಲಿ 30 ದಿನವಾದರೂ ಯಾವುದಾದರೂ ದುಡಿಮೆ ಮಾಡಿದ್ದರೆ ಅವನು ಉಪ ಚಟುವಟಿಕೆಯ ಲೆಕ್ಕದಲ್ಲಿ ಕೆಲಸಗಾರ. ಮೇಲೆ ಕೊಟ್ಟ 78.8 ಈ ಎರಡೂ ಸೇರಿದ್ದು.

ಇನ್ನೊಂದು ವಾರದ ಸ್ಥಿತಿ. ಕಳೆದ 7 ದಿನಗಳಲ್ಲಿ ಒಂದು ದಿನ, ಒಂದು ಗಂಟೆ ದುಡಿದಿದ್ದರೂ ಸಾಕು, ಕೆಲಸ ಇದ್ದಂತೆ.

ಒಂದು ಗಂಟೆ? ಇದು ತಮಾಷೆಯಲ್ವಾ?

ಕೇಳಿದವರೆಲ್ಲ ನಗುತ್ತಾರೆ. ಆದರೆ ಇದು ಭಾರತ ಸರ್ಕಾರ ಕಂಡುಹಿಡಿದ ನಿಯಮವಲ್ಲ, ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಮಾನದಂಡವೇ ಹೀಗಿದೆ. ಸಣ್ಣಪುಟ್ಟ ದುಡಿಮೆಯೂ ಲೆಕ್ಕಕ್ಕೆ ಸಿಗಲಿ ಅನ್ನುವುದು ಉದ್ದೇಶ. ಎಷ್ಟು ಗಂಟೆ ದುಡಿದರು, ಇನ್ನೂ ಕೆಲಸ ಬೇಕಿತ್ತಾ ಅಂತ ಬೇರೆ ಪ್ರಶ್ನೆಗಳಿವೆ. ಅವುಗಳ ಉತ್ತರ ಓದದೆ ಮೊದಲ ಅಂಕಿಯನ್ನೇ ಹಿಡಿದು ಬೀಗುವುದು ಅಥವಾ ಬಯ್ಯುವುದು ನಮ್ಮ ತಪ್ಪು.

ಪರೀಕ್ಷೆಗೆ ಓದುತ್ತಾ ಕೂತಿರುವ ಹುಡುಗರು ಯಾವ ಲೆಕ್ಕಕ್ಕೆ ಬರುತ್ತಾರೆ?

ಕರ್ನಾಟಕದ ಓದುಗರಿಗೆ ಈ ಇಡೀ ಪುಟದಲ್ಲಿ ಮುಖ್ಯವಾದ ಪ್ರಶ್ನೆ ಇದೇ. ಉತ್ತರ: ಹುಡುಗ ಏನು ಹೇಳುತ್ತಾನೆ ಅನ್ನುವುದರ ಮೇಲೆ.

ಧಾರವಾಡದ ಸಪ್ತಾಪುರದಲ್ಲಿ ಒಂದು ರೂಮು ಅಂದುಕೊಳ್ಳಿ. ಹಾವೇರಿ ಕಡೆಯ ಹುಡುಗ, ವಯಸ್ಸು 27, ಬಿಎ ಮುಗಿದು ಐದು ವರ್ಷ. ಜೊತೆಗೆ ಇನ್ನಿಬ್ಬರು. ಮೂವರೂ ಒಂದೇ ಒಲೆಯಲ್ಲಿ ಅಡುಗೆ ಮಾಡಿಕೊಳ್ಳುತ್ತಾರೆ, ಹಾಗಾಗಿ ಸರ್ವೆಗೆ ಅದೊಂದು ಕುಟುಂಬ. ಸರ್ವೆಯವರು ಟ್ಯಾಬ್ ಹಿಡಿದು ಬಂದು ಕೇಳುತ್ತಾರೆ, ವರ್ಷದಲ್ಲಿ ಹೆಚ್ಚಿನ ದಿನ ಏನು ಮಾಡ್ತಿದ್ರಿ?

'ಕೋಚಿಂಗ್‌ಗೆ ಹೋಗಾಕತ್ತೀನ್ರಿ, ಪಿಎಸ್‌ಐಗೆ ಓದಾಕತ್ತೀನಿ' ಅಂದರೆ ವಿದ್ಯಾರ್ಥಿಯ ಕೋಡ್ ಬೀಳಬಹುದು. ಅವನು ಹೊರಗೆ. 'ಎಫ್‌ಡಿಎಗೆ ಅರ್ಜಿ ಹಾಕೀನ್ರಿ, ಕೆಲಸ ಸಿಕ್ಕರ ನಾಳೇನ ಹೋಗ್ತೀನಿ' ಅಂದರೆ 81. ಅವನು ನಿರುದ್ಯೋಗಿ, ಅಂದರೆ ಒಳಗೆ. 'ಸುಗ್ಗಿಗೆ ಊರಿಗೆ ಹೋಗಿ ಒಂದೂವರೆ ತಿಂಗಳು ಹೊಲದಾಗ ಇದ್ದೆ' ಅಂತ ಮಾತಿನ ಮಧ್ಯೆ ಹೇಳಿದರೆ ಉಪ ಚಟುವಟಿಕೆಯಲ್ಲಿ 21. ಈಗ ಅವನು ಕೆಲಸಗಾರ! ಹುಡುಗ ಒಬ್ಬನೇ, ಬದುಕು ಒಂದೇ, ಮೂರು ಗುಂಪಿಗೂ ಸಲ್ಲುತ್ತಾನೆ. ಅವನು ಸಂತೆಗೆ ಹೋಗಿದ್ದು, ರೂಮಿನ ಗೆಳೆಯನೇ ಅವನ ಪರವಾಗಿ ಉತ್ತರ ಕೊಟ್ಟರೆ ಇನ್ನೇನಾಗುತ್ತದೋ. ಮನೆಯವರ ಪರವಾಗಿ ಇನ್ನೊಬ್ಬರು ಉತ್ತರಿಸುವುದು ಇಂಥ ಸರ್ವೆಗಳಲ್ಲಿ ಮಾಮೂಲು.

ಈ ಕಾಯುವಿಕೆ ಎಷ್ಟು ಉದ್ದ ಅನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 545 ಪಿಎಸ್‌ಐ ಹುದ್ದೆಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಅದನ್ನು ರದ್ದು ಮಾಡಿದರು. ಮರುಪರೀಕ್ಷೆ ನಡೆದಿದ್ದು 2024ರ ಜನವರಿಯಲ್ಲಿ. ಅಷ್ಟೂ ದಿನ ಆ ಪರೀಕ್ಷೆಯನ್ನೇ ನಂಬಿ ಕೂತ ಹುಡುಗ ವರದಿಯ ಭಾಷೆಯಲ್ಲಿ ಏನು? ವಿದ್ಯಾರ್ಥಿಯೂ ಆಗಿರಬಹುದು, 81ರವನೂ ಆಗಿರಬಹುದು. 'ಪರೀಕ್ಷೆಗಾಗಿ ಕಾಯುತ್ತಿರುವವನು' ಅನ್ನುವ ಕೋಡ್ ಇಲ್ಲ. ಇರಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ.

ಹಾಗಾಗಿ ಯುವಕರ ಅಂಕಿಯನ್ನು ಬೇರೆಯಾಗಿಯೇ ನೋಡಿ. 15ರಿಂದ 29 ವರ್ಷದ ಗಂಡಸರಲ್ಲಿ 2023-24ರಲ್ಲಿ ಕಾರ್ಮಿಕ ಪಡೆಯ ಒಳಗಿದ್ದವರು 63.5. ಅದೇ ವಯಸ್ಸಿನ ಗಂಡು ಹೆಣ್ಣು ಇಬ್ಬರನ್ನೂ ಸೇರಿಸಿದರೆ ನಿರುದ್ಯೋಗ ದರ ಶೇ 10.2. 15 ಮೇಲ್ಪಟ್ಟ ಎಲ್ಲರ 3.2ಕ್ಕೆ ಹೋಲಿಸಿದರೆ ಮೂರು ಪಟ್ಟಿಗಿಂತ ಜಾಸ್ತಿ.

ಒಂದು ವರದಿ ಭಾಗವಹಿಸುವಿಕೆ (100 ಜನರಲ್ಲಿ ಕಾರ್ಮಿಕ ಪಡೆಯ ಒಳಗಿರುವವರು) 60 ಅನ್ನುತ್ತದೆ, ಇನ್ನೊಂದು 55 ಅನ್ನುತ್ತದೆ. ಯಾರನ್ನು ನಂಬೋಣ?

ಇಬ್ಬರನ್ನೂ. 2023-24ರ ವಾರ್ಷಿಕ ವರದಿಯ 60.1 ಸಾಮಾನ್ಯ ಸ್ಥಿತಿಯ ಲೆಕ್ಕ. 2025ರ ಏಪ್ರಿಲ್‌ನಿಂದ ಶುರುವಾದ ತಿಂಗಳ ಬುಲೆಟಿನ್ ವಾರದ ಸ್ಥಿತಿಯ ಲೆಕ್ಕ. ಅದರ ಮೊದಲ ಸಂಚಿಕೆಯಲ್ಲಿ ಭಾಗವಹಿಸುವಿಕೆ 55.6, ನಿರುದ್ಯೋಗ 5.1. ಇವೆರಡನ್ನು ಪಕ್ಕಪಕ್ಕ ಇಟ್ಟು 'ನಿರುದ್ಯೋಗ 3.2ರಿಂದ 5.1ಕ್ಕೆ ಜಿಗಿದಿದೆ' ಅಂತ ಬರೆದರೆ ಅದು ತಪ್ಪು.

ಅಳತೆ ಬದಲಾದರೆ ಏನಾಗುತ್ತದೆ ಅಂತ ಕೊರೊನಾ ಕಾಲದಲ್ಲಿ ಚೆನ್ನಾಗಿ ಗೊತ್ತಾಯಿತು. 2020ರ ಏಪ್ರಿಲ್-ಜೂನ್‌ನಲ್ಲಿ ವಾರದ ಲೆಕ್ಕದ ಪ್ರಕಾರ ನಗರಗಳ ನಿರುದ್ಯೋಗ ಶೇ 20 ದಾಟಿತ್ತು. ಆದರೆ 2019 ಜುಲೈನಿಂದ 2020 ಜೂನ್‌ವರೆಗಿನ ವಾರ್ಷಿಕ ವರದಿಯಲ್ಲಿ ನಿರುದ್ಯೋಗ ಹಿಂದಿನ ವರ್ಷದ 5.8ರಿಂದ 4.8ಕ್ಕೆ ಇಳಿದಿತ್ತು. ವರ್ಷದ ಹೆಚ್ಚಿನ ಕಾಲ ಏನು ಮಾಡಿದೆ ಅಂತ ಕೇಳಿದರೆ ಮೂರು ತಿಂಗಳ ಲಾಕ್‌ಡೌನ್ ಮುಚ್ಚಿಹೋಗುತ್ತದೆ.

ಸಿಎಂಐಇ ಅನ್ನುವ ಖಾಸಗಿ ಸಂಸ್ಥೆಯ ಸರ್ವೆಯಲ್ಲಿ ಅಂಕಿ ಇನ್ನೂ ಕಡಿಮೆ ಇರುತ್ತಲ್ಲ?

ಹೌದು, ಅವರ ಒಟ್ಟು ಭಾಗವಹಿಸುವಿಕೆ 40ರ ಆಸುಪಾಸು ಓಡಾಡುತ್ತದೆ. ಅವರು ಸರ್ವೆಯ ಹೊತ್ತಿನ ಸ್ಥಿತಿಯನ್ನು ಕೇಳುತ್ತಾರೆ. ಬರೀ 'ಕೆಲಸ ಸಿಕ್ಕರೆ ಮಾಡುತ್ತೇನೆ' ಅಂದರೆ ಸಾಲದು, ಹುಡುಕುತ್ತಲೂ ಇರಬೇಕು. ವ್ಯತ್ಯಾಸ ಹೆಂಗಸರಲ್ಲಿ ಬಹಳ ದೊಡ್ಡದು, ಗಂಡಸರಲ್ಲಿ ಕಡಿಮೆ.

ಜೈಲಿನಲ್ಲಿರುವವರು, ಸೈನಿಕರು?

ಪಿಎಲ್‌ಎಫ್‌ಎಸ್ ಮನೆಗಳ ಸರ್ವೆ. ಸೇನೆಯ ಬ್ಯಾರಕ್‌ನಲ್ಲಿರುವ ಯೋಧ ಅದರಲ್ಲಿ ಬರುವುದಿಲ್ಲ. ಶಿಕ್ಷೆಯಾದ ಕೈದಿಯೂ ಬರುವುದಿಲ್ಲ. ಆದರೆ ವಿಚಾರಣಾಧೀನ ಕೈದಿಯನ್ನು ಅವನ ಮನೆಯ ಸದಸ್ಯ ಅಂತಲೇ ಬರೆದುಕೊಳ್ಳಬೇಕು! 2022ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿದ್ದ ಸುಮಾರು 5.7 ಲಕ್ಷ ಜನರಲ್ಲಿ ನಾಲ್ಕರಲ್ಲಿ ಮೂವರು ವಿಚಾರಣಾಧೀನರು. ದೇಶದ ಗಾತ್ರಕ್ಕೆ ಇದು ಸಣ್ಣ ಸಂಖ್ಯೆ, ಒಟ್ಟು ದರ ಕದಲುವುದಿಲ್ಲ.

ಅಮೆರಿಕದಲ್ಲಿ ಕದಲುತ್ತದೆ. ಅಲ್ಲಿ ಹತ್ತಿರ ಹತ್ತಿರ 20 ಲಕ್ಷ ಜನ ಸೆರೆಯಲ್ಲಿದ್ದಾರೆ, ಬಹುಪಾಲು ಗಂಡಸರು. ಅವರಾರೂ ಅಲ್ಲಿನ ಸರ್ವೆಯಲ್ಲಿ ಇಲ್ಲ. ಕಪ್ಪು ಜನಾಂಗದ ಗಂಡಸರ ಅಂಕಿ ಇದ್ದುದಕ್ಕಿಂತ ಚೆನ್ನಾಗಿ ಕಾಣಲು ಇದೂ ಒಂದು ಕಾರಣ.

ಅಮೆರಿಕದಲ್ಲಿ ಗಂಡಸರು ಕೆಲಸ ಬಿಡುತ್ತಿದ್ದಾರೆ ಅಂತ ಓದುತ್ತೇವೆ. ನಿಜವೇ?

ನಿಜ. ಅಲ್ಲಿ 25ರಿಂದ 54 ವರ್ಷದವರನ್ನು ಬೇರೆ ಮಾಡಿ ನೋಡುತ್ತಾರೆ. ಓದು ಮುಗಿದಿರುತ್ತದೆ, ರಿಟೈರ್ ಆಗುವ ವಯಸ್ಸಲ್ಲ. 1950ರ ದಶಕದ ಮಧ್ಯದಲ್ಲಿ ಈ ವಯಸ್ಸಿನ 100 ಗಂಡಸರಲ್ಲಿ 97ಕ್ಕೂ ಹೆಚ್ಚು ಮಂದಿ ಕಾರ್ಮಿಕ ಪಡೆಯಲ್ಲಿದ್ದರು. ಈಗ ಸುಮಾರು 89. ಹೊರಗಿರುವವರು ಸುಮಾರು 70 ಲಕ್ಷ.

ತಿಂಗಳಿಗೆ ಸುಮಾರು 60,000 ಮನೆಗಳನ್ನು ಆರಿಸಿ ಈ ಲೆಕ್ಕ ತೆಗೆಯುತ್ತಾರೆ. ಸಾಮಾನ್ಯವಾಗಿ ತಿಂಗಳ 12ನೇ ತಾರೀಕು ಬರುವ ವಾರದಲ್ಲಿ ಏನು ಮಾಡಿದಿರಿ ಅಂತ ಕೇಳುತ್ತಾರೆ. ನಮ್ಮದಕ್ಕೂ ಅವರದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಅಲ್ಲಿ ನಿರುದ್ಯೋಗಿ ಅನಿಸಿಕೊಳ್ಳಲು ಸಾಮಾನ್ಯವಾಗಿ ಕಳೆದ ನಾಲ್ಕು ವಾರಗಳಲ್ಲಿ ಕೆಲಸ ಹುಡುಕಿರಬೇಕು. ನಮ್ಮಲ್ಲಿ ಹುಡುಕದಿದ್ದರೂ 'ಸಿಕ್ಕರೆ ಮಾಡುತ್ತೇನೆ' ಅಂದರೆ ಸಾಕು. ಅಂದರೆ ನಿರಾಶನಾಗಿ ಹುಡುಕುವುದನ್ನು ಬಿಟ್ಟವನು ಅಲ್ಲಿ ಹೊರಗೆ ಹೋಗುತ್ತಾನೆ, ಇಲ್ಲಿ ಒಳಗೇ ಉಳಿಯಬಹುದು.

ಅಲ್ಲಿನ ಕನ್ನಡಿಗರ ಮನೆಗಳಿಗೆ ತಟ್ಟುವ ಒಂದು ಸಂಗತಿ: ಹೆಂಡತಿಯ ಎಚ್-1ಬಿ (ಕೆಲಸದ ವೀಸಾ) ಮೇಲೆ ಎಚ್-4 (ಅವಲಂಬಿತರ) ವೀಸಾದಲ್ಲಿ ಹೋದ ಗಂಡ. ಕೆಲಸದ ಪರವಾನಗಿ ಸಿಗದೆ ಮನೆಯಲ್ಲಿದ್ದರೆ ಅವನೂ ಈ 'ಹೊರಗಿನ ಗಂಡಸರ' ಲೆಕ್ಕಕ್ಕೆ ಸೇರುತ್ತಾನೆ. ಸರ್ವೆಯವರು ಪೌರತ್ವ ನೋಡುವುದಿಲ್ಲ, ಅಲ್ಲಿ ವಾಸ ಇದ್ದರೆ ಆಯಿತು. ಬೆಂಗಳೂರಿನಲ್ಲಿ ಎಂಜಿನಿಯರ್ ಆಗಿದ್ದವನು ನ್ಯೂಜೆರ್ಸಿಯಲ್ಲಿ ಕಾರ್ಮಿಕ ಪಡೆಯ ಹೊರಗೆ!

ಅಮೆರಿಕದ ಗಂಡಸರು ಯಾಕೆ ಹೊರಹೋದರು? ಸೋಮಾರಿತನವಾ?

ಹಾಗನ್ನುವವರಿದ್ದಾರೆ. ಅಂಕಿಗಳು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. 2016ರಲ್ಲಿ ಶ್ವೇತಭವನದ ಆರ್ಥಿಕ ಸಲಹೆಗಾರರ ಮಂಡಳಿ ಈ ಬಗ್ಗೆ ವರದಿ ಬರೆಯಿತು. 1964ರಲ್ಲಿ ಈ ವಯಸ್ಸಿನ ಗಂಡಸರ ಪೈಕಿ, ಡಿಗ್ರಿ ಇದ್ದವರಲ್ಲಿ 100ಕ್ಕೆ 98, ಹೈಸ್ಕೂಲ್ ಅಥವಾ ಅದಕ್ಕಿಂತ ಕಡಿಮೆ ಓದಿದವರಲ್ಲಿ 97 ಮಂದಿ ಒಳಗಿದ್ದರು. 2015ರ ಹೊತ್ತಿಗೆ ಡಿಗ್ರಿಯವರು 94, ಹೈಸ್ಕೂಲಿನವರು 83. ಪೆಟ್ಟು ಬಿದ್ದಿದ್ದು ಕಡಿಮೆ ಓದಿದವರಿಗೆ. ಸೋಮಾರಿತನ ಡಿಗ್ರಿ ನೋಡಿಕೊಂಡು ಬರುತ್ತದೆಯೇ?

ಹೆಂಡತಿಯ ದುಡಿಮೆಯಲ್ಲಿ ಆರಾಮಾಗಿದ್ದಾರೆ ಅನ್ನುವ ಮಾತೂ ನಿಲ್ಲುವುದಿಲ್ಲ. ಹೀಗೆ ಹೊರಗಿರುವ ಗಂಡಸರಲ್ಲಿ ದುಡಿಯುವ ಹೆಂಡತಿ ಇರುವವರು ಕಾಲು ಭಾಗಕ್ಕಿಂತ ಕಡಿಮೆ. ಸರ್ಕಾರ ಕೊಡುವ ಅಂಗವೈಕಲ್ಯ ಪಿಂಚಣಿಯೇ ಕಾರಣ ಅಂದರೆ, ಈ ವಯಸ್ಸಿನ ಗಂಡಸರಲ್ಲಿ ಅದನ್ನು ಪಡೆಯುವವರು 1967ರಲ್ಲಿ 100ಕ್ಕೆ 1, 2014ರಲ್ಲಿ 3. ಅಷ್ಟರಿಂದ ಇಡೀ ಕುಸಿತವನ್ನು ವಿವರಿಸಲು ಆಗುವುದಿಲ್ಲ.

ಹಾಗಾದರೆ? ಕಾರ್ಖಾನೆ ಕೆಲಸ ಹೋಗಿದ್ದು ಒಂದು ದೊಡ್ಡ ಕಾರಣ. 2000ದಲ್ಲಿ ಸುಮಾರು 1.7 ಕೋಟಿ ಇದ್ದ ಉತ್ಪಾದನಾ ವಲಯದ ಕೆಲಸಗಳು 2010ರ ಆರಂಭಕ್ಕೆ ಸುಮಾರು 1.15 ಕೋಟಿಗೆ ಇಳಿದವು. ಜೈಲಿಗೆ ಹೋಗಿ ಬಂದವರಿಗೆ ಕೆಲಸ ಸಿಗುವುದು ಕಷ್ಟ. ಇನ್ನೊಂದು, ಮೈ ನೋವು. ಪ್ರಿನ್ಸ್‌ಟನ್‌ನ ಅರ್ಥಶಾಸ್ತ್ರಜ್ಞ ಅಲನ್ ಕ್ರೂಗರ್ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೊರಗಿರುವ ಗಂಡಸರಲ್ಲಿ ಹೆಚ್ಚೂಕಡಿಮೆ ಅರ್ಧದಷ್ಟು ಜನ ದಿನವೂ ನೋವಿನ ಮಾತ್ರೆ ನುಂಗುತ್ತಾರೆ ಅಂತ ಕಂಡುಬಂತು. ಅವರಲ್ಲಿ ಸುಮಾರು ಮೂರರಲ್ಲಿ ಎರಡು ಭಾಗ ಡಾಕ್ಟರು ಬರೆದುಕೊಟ್ಟ ಮಾತ್ರೆ ತೆಗೆದುಕೊಳ್ಳುವವರು. ನೋವಿಗೆ ಕೆಲಸ ಬಿಟ್ಟರೋ, ಮಾತ್ರೆಯ ಚಟ ಕೆಲಸ ಬಿಡಿಸಿತೋ ಅನ್ನುವುದನ್ನು ಬೇರ್ಪಡಿಸುವುದು ಕಷ್ಟ. ಎರಡೂ ಇದ್ದಂತಿದೆ.

ನಮ್ಮಲ್ಲಿ ನಡುವಯಸ್ಸಿನವರು ಅಷ್ಟೊಂದು ಹೊರಗಿಲ್ಲ. ಖುಷಿ ಪಡಬೇಕಲ್ವಾ?

ಅಷ್ಟು ಬೇಗ ಬೇಡ. 30 ದಾಟಿ 50 ಮುಟ್ಟದ ನಮ್ಮ ಗಂಡಸರಲ್ಲಿ 100ಕ್ಕೆ 97ಕ್ಕಿಂತ ಹೆಚ್ಚು ಮಂದಿ ಒಳಗಿದ್ದಾರೆ. ಕಾರಣ ಸರಳ: ಸುಮ್ನೆ ಕೂತರೆ ಮನೆ ನಡೆಯುವುದಿಲ್ಲ. ಕೆಲಸ ಹೋದವನಿಗೆ ಕೈಹಿಡಿಯುವ ಭತ್ಯೆ ಬಹುತೇಕರಿಗೆ ಇಲ್ಲ. ಫ್ಯಾಕ್ಟರಿ ಬಾಗಿಲು ಹಾಕಿದರೆ ಆಟೊ ಓಡಿಸುತ್ತಾನೆ, ಊರಿಗೆ ಹೋಗಿ ಅಣ್ಣನ ಜೊತೆ ಎರಡೆಕರೆಯಲ್ಲಿ ಕೈಜೋಡಿಸುತ್ತಾನೆ, ತಳ್ಳುಗಾಡಿ ಹಾಕುತ್ತಾನೆ. ಸರ್ವೆಯಲ್ಲಿ ಅವನು ಕೆಲಸಗಾರನಾಗಿಯೇ ಇರುತ್ತಾನೆ.

2023-24ರಲ್ಲಿ ದೇಶದ ಕೆಲಸಗಾರರಲ್ಲಿ ಶೇ 58.4ರಷ್ಟು ಸ್ವಯಂ ಉದ್ಯೋಗಿಗಳು. ಶೇ 21.7ರಷ್ಟು ಸಂಬಳದವರು, 19.8ರಷ್ಟು ದಿನಗೂಲಿಯವರು. ಹೊಲದಲ್ಲಿ ಮೂವರು ಮಾಡುವ ಕೆಲಸವನ್ನು ಐವರು ಹಂಚಿಕೊಂಡರೂ ಐವರೂ ಕೆಲಸಗಾರರೇ. ಅಮೆರಿಕದಲ್ಲಿ ಕೆಲಸದ ಕೊರತೆ 'ಹೊರಗೆ' ಅನ್ನುವ ಸಾಲಿನಲ್ಲಿ ಕಾಣುತ್ತದೆ. ನಮ್ಮಲ್ಲಿ ಅದು 11 ಮತ್ತು 21ರ ಕೋಡ್‌ಗಳ ಒಳಗೆ ಅಡಗಿದೆ. ಹಾಗಾಗಿ ನಮ್ಮ ಗಂಡಸರ ಕಷ್ಟ ತಿಳಿಯಬೇಕಾದರೆ ಭಾಗವಹಿಸುವಿಕೆ ದರಕ್ಕಿಂತ ಗಳಿಕೆಯ ಟೇಬಲ್ ನೋಡುವುದು ಮೇಲು.

ಮನೆ ನೋಡಿಕೊಳ್ಳುವ ಗಂಡಸರು ಜಾಸ್ತಿಯಾಗಿದ್ದಾರಾ?

ಲೆಕ್ಕದಲ್ಲಿ ಕಾಣುವಷ್ಟು ಇಲ್ಲ. 2024ರ ಸಮಯ ಬಳಕೆ ಸರ್ವೆಯಲ್ಲಿ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಮಾಡುತ್ತಿದ್ದರು, ಮನೆಗೆಲಸ ಮಾಡುವ ಗಂಡಸರು 88 ನಿಮಿಷ. ಅದೂ ಮಾಡುವವರ ಸರಾಸರಿ. ಏನೂ ಮಾಡದ ಗಂಡಸರು ಇದರಲ್ಲಿ ಸೇರಿಲ್ಲ.

ಯುವನಿಧಿ ಪಡೆಯುವವರನ್ನು ಎಣಿಸಿದರೆ ಕರ್ನಾಟಕದ ನಿರುದ್ಯೋಗ ಗೊತ್ತಾಗುವುದಿಲ್ಲವೇ?

ಗೊತ್ತಾಗುವುದಿಲ್ಲ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ಈ ಯೋಜನೆಯಲ್ಲಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500 ರೂಪಾಯಿ, ಗರಿಷ್ಠ ಎರಡು ವರ್ಷ. ಪಾಸಾಗಿ 180 ದಿನವಾದರೂ ಕೆಲಸ ಸಿಕ್ಕಿರಬಾರದು, ಮುಂದೆ ಓದುತ್ತಲೂ ಇರಬಾರದು. ಪಿಯುಸಿಗೆ ಓದು ಬಿಟ್ಟವನು, 35ರ ಕೂಲಿಯಾಳು, ಹತ್ತು ವರ್ಷದ ಹಿಂದೆ ಡಿಗ್ರಿ ಮಾಡಿದವನು ಇದರಲ್ಲಿ ಬರುವುದೇ ಇಲ್ಲ. ಇತ್ತ ಫಲಾನುಭವಿ ಹುಡುಗ ಸಂಜೆ ಹೊತ್ತು ಅಪ್ಪನ ಕಿರಾಣಿ ಅಂಗಡಿಯಲ್ಲಿ ಕೂತರೆ ಸರ್ವೆಯ ಪ್ರಕಾರ ಕೆಲಸಗಾರ. ಇದರಲ್ಲಿ ಮೋಸವೇನೂ ಇಲ್ಲ. ಯೋಜನೆಯ ವ್ಯಾಖ್ಯೆ ಬೇರೆ, ಸರ್ವೆಯ ವ್ಯಾಖ್ಯೆ ಬೇರೆ. ಉದ್ಯೋಗ ವಿನಿಮಯ ಕಚೇರಿಯ ನೋಂದಣಿ ಪಟ್ಟಿಗೂ ಇದೇ ಮಾತು.

ನಾನೇ ಈ ಅಂಕಿಗಳನ್ನು ನೋಡಬೇಕೆಂದರೆ?

ಕೇಂದ್ರ ಅಂಕಿ ಅಂಶ ಸಚಿವಾಲಯದ ಜಾಲತಾಣದಲ್ಲಿ ವರದಿಗಳು ಪುಕ್ಕಟೆ ಸಿಗುತ್ತವೆ. ಒಬ್ಬೊಬ್ಬರ ಉತ್ತರ ಇರುವ ಕಚ್ಚಾ ಡೇಟಾ ಕೂಡ ಹೆಸರು ತೆಗೆದು, ನೋಂದಣಿ ಮಾಡಿಕೊಂಡವರಿಗೆ ಕೊಡುತ್ತಾರೆ. ಡೇಟಾ ತೆರೆದ ಕೂಡಲೇ ತಲೆ ಎಣಿಸಲು ಹೋಗಬೇಡಿ. ಪ್ರತಿ ಸಾಲಿಗೂ ಒಂದು ತೂಕ (ಆ ಒಬ್ಬರು ಎಷ್ಟು ಜನರ ಪ್ರತಿನಿಧಿ ಅನ್ನುವ ಸಂಖ್ಯೆ) ಇರುತ್ತದೆ, ಅದನ್ನು ಗುಣಿಸದಿದ್ದರೆ ಉತ್ತರ ಅರ್ಥಹೀನ.

ವರದಿ ಓದುವಾಗ ಟೇಬಲ್‌ನ ಮೇಲಿನ ಸಾಲನ್ನು ಮೊದಲು ನೋಡಿ. ವಯಸ್ಸು 15 ಮೇಲ್ಪಟ್ಟೋ, 15-29ರೋ, ಎಲ್ಲ ವಯಸ್ಸೋ? ಸಾಮಾನ್ಯ ಸ್ಥಿತಿಯೋ, ವಾರದ್ದೋ? 'ಎಲ್ಲ ವಯಸ್ಸು' ಅಂದರೆ ಹಾಲು ಕುಡಿಯುವ ಕೂಸೂ ಕಾರ್ಮಿಕ ಪಡೆಯ ಹೊರಗೆ ಅಂತ ಲೆಕ್ಕ, ಭಾಗವಹಿಸುವಿಕೆ ದಢಕ್ಕನೆ ಕಡಿಮೆ ಕಾಣುತ್ತದೆ.

ನಮ್ಮ ಜಿಲ್ಲೆಯ ಅಂಕಿ ಸಿಗುತ್ತದಾ?

2025ರಿಂದ ಸರ್ವೆಯ ಮನೆಗಳ ಸಂಖ್ಯೆಯನ್ನು ಸುಮಾರು 1.02 ಲಕ್ಷದಿಂದ 2.72 ಲಕ್ಷಕ್ಕೆ ಏರಿಸಿದ್ದಾರೆ. ಮನೆಗಳನ್ನು ಆರಿಸುವಾಗ ಜಿಲ್ಲೆಯನ್ನೇ ಮೂಲ ಘಟಕ ಮಾಡಿಕೊಂಡಿದ್ದಾರೆ. ಆದರೂ ಒಂದು ಜಿಲ್ಲೆಯ, ಅದರಲ್ಲೂ ಗಂಡಸರ, ಅದರಲ್ಲೂ 25ರಿಂದ 29ರ, ಅದರಲ್ಲೂ ಕಾರ್ಮಿಕ ಪಡೆಯ ಹೊರಗಿರುವವರು ಅಂತ ಸೋಸುತ್ತಾ ಹೋದರೆ ಕೊನೆಗೆ ಕೈಯಲ್ಲಿ ಉಳಿಯುವುದು ಬೆರಳೆಣಿಕೆಯ ಜನ. ಅವರಲ್ಲಿ ಇಬ್ಬರು ಬೇರೆ ಉತ್ತರ ಕೊಟ್ಟರೂ ದರ ಬದಲಾಗುತ್ತದೆ. ಸದ್ಯಕ್ಕೆ ರಾಜ್ಯದ ಮಟ್ಟದ ಅಂಕಿಯನ್ನೇ ಬಳಸಿ.